ಎಚ್‌ಐವಿ: ಗಡಿ ತಾಲ್ಲೂಕುಗಳ ಸೋಂಕು, ಜಕ್ಕೂರಿನ ಸಂಶೋಧನೆ

ಬೆಳಗಾವಿ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಎಚ್‌ಐವಿ ಈಗ ಮುಖಪುಟದ ಸುದ್ದಿಯಲ್ಲ. ಉಚಿತ ಎಆರ್‌ಟಿ ಮಾತ್ರೆಗಳು ಸಾವನ್ನು ದೂರ ತಳ್ಳಿವೆ. ಆದರೆ ಎಷ್ಟು ವರ್ಷ ಮಾತ್ರೆ ನುಂಗಿದರೂ ವೈರಾಣು ದೇಹವನ್ನು ಬಿಟ್ಟು ಹೋಗುವುದಿಲ್ಲ. ಇದೇಕೆ ಎಂಬ ಪ್ರಶ್ನೆಗೆ ಅಣುಮಟ್ಟದಲ್ಲಿ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿ ಉದಯಕುಮಾರ್ ರಂಗ ಪ್ರಮುಖರು. ಈ ಸಂಶೋಧನೆಗೂ ಗಡಿಭಾಗದ ರೋಗಿಗಳಿಗೂ ಇರುವ ನಂಟು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಗಾಢವಾದುದು.

ಉತ್ತರ ಕರ್ನಾಟಕದ ಈ ಪಟ್ಟಿ ಒಂದು ಕಾಲದಲ್ಲಿ ಸೋಂಕಿನ ಭಾರೀ ಹೊರೆ ಹೊತ್ತಿತ್ತು. ಸಂಕೇಶ್ವರದ ಮೂಲಕ ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿ, ದುಡಿಮೆಗಾಗಿ ಮಹಾರಾಷ್ಟ್ರಕ್ಕೆ ವಲಸೆ ಹೋಗುವ ಕುಟುಂಬಗಳು, 1982ರ ನಿಷೇಧ ಕಾಯ್ದೆಯ ನಂತರವೂ ಬೇರು ಕೀಳದ ದೇವದಾಸಿ ಪದ್ಧತಿ ಇದಕ್ಕೆ ಕಾರಣವಾಗಿದ್ದವು. ನೆರೆಯ ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 2.9ರಷ್ಟು ಮಂದಿಯಲ್ಲಿ ಸೋಂಕು ಪತ್ತೆಯಾಗಿತ್ತು. ನಂತರ ಪ್ರಮಾಣ ಗಣನೀಯವಾಗಿ ತಗ್ಗಿತಾದರೂ 2021ರ ಅಂದಾಜಿನಲ್ಲಿ ರಾಜ್ಯದ ಸೋಂಕಿನ ಪ್ರಮಾಣ ರಾಷ್ಟ್ರೀಯ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚಿತ್ತು.

ನಮ್ಮ ವೈರಾಣು ಬೇರೆ

ಎಚ್‌ಐವಿ ಎಂಬುದು ಒಂದೇ ಬಗೆಯ ವೈರಾಣುವಲ್ಲ. ಅಮೆರಿಕ, ಯೂರೋಪ್‌ಗಳಲ್ಲಿ 'ಬಿ' ಉಪವಿಧ ಹೆಚ್ಚು. ಭಾರತ ಹಾಗೂ ದಕ್ಷಿಣ ಆಫ್ರಿಕಾದಲ್ಲಿ 'ಸಿ' ಉಪವಿಧದ್ದೇ ಪ್ರಾಬಲ್ಯ. ಜಗತ್ತಿನ ಒಟ್ಟು ಸೋಂಕಿನಲ್ಲಿ ಸುಮಾರು ಅರ್ಧದಷ್ಟು 'ಸಿ' ಉಪವಿಧದ್ದೇ. ವಿಪರ್ಯಾಸವೆಂದರೆ, ಪ್ರಯೋಗಾಲಯಗಳ ಬಹುಪಾಲು ತಿಳಿವಳಿಕೆ 'ಬಿ'ಯ ಮೇಲೆ ನಿಂತಿದೆ.

ಎಚ್‌ಐವಿ ತನ್ನ ವಂಶವಾಹಿಯನ್ನು ರಕ್ತದ ಬಿಳಿಕಣದ ಡಿಎನ್‌ಎಯೊಳಗೇ ಸೇರಿಸಿಬಿಡುತ್ತದೆ. ಆ ವಂಶವಾಹಿಯ ತುದಿಯಲ್ಲಿ ಸ್ವಿಚ್‌ನಂತಹ ಭಾಗವೊಂದಿದೆ. ಸೋಂಕಿನ ವಿರುದ್ಧ ಹೋರಾಡುವಾಗ ಜೀವಕೋಶದಲ್ಲಿ ಚುರುಕಾಗುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಇಲ್ಲಿಗೆ ಬಂದು ಕೂತರೆ ವೈರಾಣು ತನ್ನ ಪ್ರತಿಗಳನ್ನು ತಯಾರಿಸತೊಡಗುತ್ತದೆ. ಈ ಪ್ರೋಟೀನ್ ಕೂರಲು 'ಬಿ'ಯಲ್ಲಿ ಸಾಮಾನ್ಯವಾಗಿ ಎರಡು, 'ಸಿ'ಯಲ್ಲಿ ಮೂರು ತಾಣಗಳಿವೆ. ನಾಲ್ಕನೆಯ ತಾಣ ಗಳಿಸಿಕೊಂಡ ತಳಿಗಳು ಭಾರತದಲ್ಲಿ ಹಬ್ಬುತ್ತಿರುವುದನ್ನು ರಂಗ ಅವರ ತಂಡ 2012ರಲ್ಲಿ ಪ್ರಕಟಿಸಿತು. ಪ್ರಯೋಗಾಲಯದ ಪೈಪೋಟಿಯಲ್ಲಿ ಈ ತಳಿಗಳು ಹಳೆಯವನ್ನು ಹಿಂದಿಕ್ಕಿದವು. ಇಂತಹ ಸೋಂಕು ತಗುಲಿದವರ ರಕ್ತದಲ್ಲಿ ವೈರಾಣುವಿನ ಸರಾಸರಿ ಪ್ರಮಾಣವೂ ಹೆಚ್ಚಿತ್ತು.

2020ರಲ್ಲಿ ಇದೇ ಪ್ರಯೋಗಾಲಯ ಇನ್ನೂ ಕುತೂಹಲಕರ ಸಂಗತಿಯನ್ನು ಹೊರಗೆಡಹಿತು. ಸ್ವಿಚ್ ಬಲವಾದಷ್ಟೂ ವೈರಾಣು ಬೇಗನೆ ಸುಪ್ತಾವಸ್ಥೆಗೆ ಜಾರುತ್ತದೆ. ವೈರಾಣುವಿನದೇ 'ಟ್ಯಾಟ್' ಪ್ರೋಟೀನ್‌ಗೆ ಇದರಲ್ಲಿ ನೇರ ಪಾತ್ರವಿರುವಂತಿದೆ ಎಂಬುದು ಅದರ ಸಾರ. ಹೀಗೆ ಮಲಗಿದ ವೈರಾಣು ಔಷಧಕ್ಕೂ ಸಿಗದು, ದೇಹದ ಕಾವಲು ಪಡೆಗೂ ಕಾಣದು. ಮಾತ್ರೆ ನಿಲ್ಲಿಸಿದರೆ ಮತ್ತೆ ಏಳುತ್ತದೆ.

ಇದರ ಅರ್ಥವೇನು?

ಇದು ಔಷಧದ ಆವಿಷ್ಕಾರವಲ್ಲ. ಜೀವಕೋಶಗಳಲ್ಲಿ ಕಂಡದ್ದೆಲ್ಲ ರೋಗಿಯ ದೇಹದಲ್ಲಿ ಹಾಗೆಯೇ ನಡೆಯುತ್ತದೆಂದು ಹೇಳಲಾಗದು. ಆದರೆ ಸುಪ್ತ ವೈರಾಣುವನ್ನು ಎಬ್ಬಿಸಿ ಕೊಲ್ಲುವ ಅಥವಾ ಶಾಶ್ವತವಾಗಿ ಮಲಗಿಸುವ ಚಿಕಿತ್ಸೆಗಾಗಿ ಜಗತ್ತು ಹುಡುಕಾಟ ನಡೆಸಿದೆ. ಅದನ್ನು 'ಬಿ'ಯ ಮೇಲೆ ಮಾತ್ರ ಪರೀಕ್ಷಿಸಿದರೆ ಗೋಕಾಕದ ರೋಗಿಗೆ ಅದು ಫಲಿಸುವ ಖಾತರಿ ಇರದು. ಆದ್ದರಿಂದ 'ಸಿ' ಕುರಿತ ಮೂಲಭೂತ ಸಂಶೋಧನೆಗೆ ಹಣ ಒದಗಿಸುವುದು ಐಷಾರಾಮವಲ್ಲ, ಅಗತ್ಯ.

ಅಲ್ಲಿಯವರೆಗೆ ವೈರಾಣುವನ್ನು ಹದ್ದುಬಸ್ತಿನಲ್ಲಿಡುವುದು ದಿನನಿತ್ಯದ ಮಾತ್ರೆಯೊಂದೇ. ಉಚಿತ ಎಆರ್‌ಟಿ ದೇಶದಲ್ಲಿ 2004ರಲ್ಲಿ ಆರಂಭವಾಯಿತು. ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ 2017ರಲ್ಲಿ ಬಂತು. ಅದೇ ವರ್ಷ ಅಂಗೀಕಾರಗೊಂಡ ಕಾಯ್ದೆಯು ಸೋಂಕಿತರ ವಿರುದ್ಧ ತಾರತಮ್ಯವನ್ನು ನಿಷೇಧಿಸುತ್ತದೆ. ಆದರೂ ಕೆಲಸ ಅರಸಿ ಕೊಲ್ಹಾಪುರ, ಸಾಂಗ್ಲಿಗೆ ಹೋದ ಕಾರ್ಮಿಕನಿಗೆ ಮಾತ್ರೆ ತಪ್ಪುವ ಅಪಾಯವಿದೆ. ಊರವರ ಕಣ್ಣಿಗೆ ಅಂಜಿ ಆಸ್ಪತ್ರೆಯ ಮೆಟ್ಟಿಲು ಹತ್ತದಿರುವ ಮಹಿಳೆಗೂ ಅದು ತಪ್ಪಿದ್ದಲ್ಲ. ಜಕ್ಕೂರಿನಲ್ಲಿ ಕಂಡುಕೊಂಡ ಸತ್ಯ ಇವರಿಗೆ ಅರ್ಥವಾಗುವ ಮಾತಿನಲ್ಲಿ ತಲುಪಬೇಕು: ರಕ್ತ ಪರೀಕ್ಷೆಯಲ್ಲಿ ವೈರಾಣು ಕಾಣಿಸಲಿಲ್ಲ ಎಂದರೆ ಅದು ಸತ್ತಿದೆ ಎಂದಲ್ಲ, ಮಲಗಿದೆ ಎಂದಷ್ಟೇ. ಅದನ್ನು ತಿಳಿಸುವ ಹೊಣೆ ತಾಲ್ಲೂಕು ಮಟ್ಟದ ಆರೋಗ್ಯ ವ್ಯವಸ್ಥೆಯ ಮೇಲಿದೆ.