ಬೆವರಿನ ಕಾಸು ಎಲ್ಲಿಡೋದು?

ಬಡವರಿಗೆ ಉಳಿತಾಯ ಗೊತ್ತಿಲ್ಲ ಅಂತ ಹೇಳುವವರು ನಮ್ಮ ಕೇರಿಯ ಹೆಂಗಸರ ಸೆರಗಿನ ಗಂಟು ನೋಡಿಲ್ಲ. ಕೂಲಿಯಲ್ಲಿ ಹತ್ತು ರೂಪಾಯಿ ಮಿಗಿಸಿ, ಮಗಳ ಓದಿಗೆ, ಮುಪ್ಪಿನ ಕಾಲಕ್ಕೆ ಅಂತ ಕಟ್ಟಿಡುವವರು ನಮ್ಮವರೇ. ಹಾಗೆ ಕಟ್ಟಿಟ್ಟದ್ದು ಕೊನೆಗೆ ಯಾರ ಕೈ ಸೇರುತ್ತಿದೆ ಅನ್ನೋದನ್ನು ನಾವು ಕೇಳಬೇಕಾಗಿದೆ.

ತಿಂಗಳಿಗೆ ನೂರಕ್ಕೆ ಮೂರು ಕೊಡ್ತೀವಿ ಅಂತ ಬಾಗಿಲಿಗೆ ಬರುತ್ತಾರೆ. ವರ್ಷಕ್ಕೆ ಮೂವತ್ತಾರಾಯಿತು. ಅಷ್ಟು ಲಾಭ ತರುವ ವ್ಯಾಪಾರ ಯಾವುದಪ್ಪಾ? ಬ್ಯಾಂಕು ಅದಕ್ಕಿಂತ ಕಡಿಮೆ ಬಡ್ಡಿಗೆ ಸಾಲ ಕೊಡುವಾಗ ಇವರು ನಮ್ಮ ಗುಡಿಸಲು ಹುಡುಕಿ ಯಾಕೆ ಬರುತ್ತಾರೆ? ಇಂಥ ಕಡೆ ಹೊಸಬರ ದುಡ್ಡನ್ನೇ ಹಳಬರಿಗೆ ಬಡ್ಡಿ ಅಂತ ಹಂಚುತ್ತಾರೆ. ಸೇರುವವರು ನಿಂತ ದಿನ ಬೀಗ. 2019ರ ಜೂನ್‌ನಲ್ಲಿ ಬೆಂಗಳೂರಿನ ಐ.ಎಂ.ಎ. ಕಂಪನಿ ಬಾಗಿಲು ಮುಚ್ಚಿದಾಗ ಸಾವಿರಾರು ಜನ ದೂರು ಕೊಡಲು ಸಾಲುಗಟ್ಟಿ ನಿಂತರು. ಅದೇ ವರ್ಷ ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ ಕಾಯ್ದೆಯೂ ಬಂತು. ಕಾಯ್ದೆ ಬಂದ ಮಾತ್ರಕ್ಕೆ ಹೋದ ಕಾಸು ಬರುತ್ತದೆಯೇ?

ಅಂಚೆ ಕಚೇರಿಯಲ್ಲಿ ಪಿ.ಪಿ.ಎಫ್. ಖಾತೆ ಇದೆ. ಈ ಯೋಜನೆ 1968ರಲ್ಲಿ ಶುರುವಾದದ್ದು. ವರ್ಷಕ್ಕೆ 500 ಕಟ್ಟಿದರೂ ಖಾತೆ ನಡೆಯುತ್ತದೆ. ತಿಂಗಳಿಗೆ 500ರಂತೆ 15 ವರ್ಷ ಕಟ್ಟಿದರೆ ನಾವು ಹಾಕಿದ್ದು 90,000. 2020ರ ಏಪ್ರಿಲ್‌ನಲ್ಲಿ ಗೊತ್ತು ಮಾಡಿದ ನೂರಕ್ಕೆ 7.1ರ ದರದಲ್ಲೇ ಲೆಕ್ಕ ಹಾಕಿದರೆ ಕೈಗೆ ಬರುವುದು ಒಂದೂವರೆ ಲಕ್ಷಕ್ಕೂ ಮೇಲೆ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡುತ್ತದೆ, ಏರಬಹುದು, ಇಳಿಯಬಹುದು. ಆದರೂ ಇಷ್ಟು ಕಾಲ ಸಾಹುಕಾರನ ಪರ ದುಡಿದ ಬಡ್ಡಿಯ ಮೇಲಿನ ಬಡ್ಡಿ ಇಲ್ಲಿ ನಮ್ಮ ಪರ ದುಡಿಯುತ್ತದೆ. ಇನ್ನೊಂದು ಮಾತು: ಸಾಲ ಕೊಟ್ಟವನು ಕೋರ್ಟಿನಿಂದ ಡಿಕ್ರಿ ತಂದರೂ ಈ ಖಾತೆಯ ಹಣವನ್ನು ಜಪ್ತಿ ಮಾಡಿಸುವಂತಿಲ್ಲ.

ಹಾಗಂತ ಇದ್ದದ್ದೆಲ್ಲ ಅಲ್ಲೇ ಹಾಕಬೇಡಿ. ಕಾಯಿಲೆ ಕಸಾಲೆ ಹದಿನೈದು ವರ್ಷ ಕಾಯುವುದಿಲ್ಲ. ಎರಡು ಮೂರು ತಿಂಗಳ ಖರ್ಚಿನಷ್ಟು ಬೇಕೆಂದಾಗ ತೆಗೆಯುವ ಉಳಿತಾಯ ಖಾತೆಯಲ್ಲಿರಲಿ. ತಿಂಗಳಿಗೆ ನೂರಕ್ಕೆ ಐದರ ಸಾಲ ತಲೆ ಮೇಲಿದ್ದರೆ ಮೊದಲು ಅದನ್ನು ತೀರಿಸಿ. ಅಷ್ಟು ಲಾಭ ಯಾವ ಖಾತೆಯೂ ಕೊಡುವುದಿಲ್ಲ.

ಬಂಧುಗಳೇ, ಮುಂದಿನ ಸಭೆಗೆ ಬರುವಾಗ ಪಾಸ್ ಪುಸ್ತಕ, ಚೀಟಿ ಪುಸ್ತಕ ಎಲ್ಲಾ ತನ್ನಿ. ಓದು ಬಲ್ಲ ಹುಡುಗರು ಓದಿ ಹೇಳಲಿ. ಏಜೆಂಟನ ಕೈಗೆ ಕೊಟ್ಟ ದುಡ್ಡು ಪುಸ್ತಕಕ್ಕೆ ಏರಿದೆಯಾ ಇಲ್ಲವಾ ಅಂತ ಒಟ್ಟಿಗೆ ಕೂತು ನೋಡೋಣ. ಅಲ್ಲಿವರೆಗೆ ರಶೀದಿ ಇಲ್ಲದೆ ಯಾರ ಕೈಗೂ ಒಂದು ಕಾಸೂ ಕೊಡಬೇಡಿ.