ಹೊಳೆ ದಡದಲ್ಲಿದ್ದರೂ ನೀರು ಹಾಳು ಮಾಡಬೇಡಿ

ಮೈಸೂರು ರಸ್ತೆಯಲ್ಲಿ ಬಸ್ಸು ನಾಯಂಡಹಳ್ಳಿ ದಾಟಿ ಕೆಂಗೇರಿ ಕಡೆ ಹೊರಟರೆ ಮೂಗು ಮುಚ್ಚಿಕೊಳ್ಳಬೇಕು. ಪಕ್ಕದಲ್ಲಿ ಹರಿಯುವುದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದವಳು ಎಂದು ಜನ ನಂಬಿರುವ ಹೊಳೆ. ಈಗ ಅದು ಪಶ್ಚಿಮ ಬೆಂಗಳೂರಿನ ಕೊಳಚೆ, ಪೀಣ್ಯದ ಕಾರ್ಖಾನೆಗಳ ನೀರು ಎಲ್ಲವನ್ನೂ ಹೊತ್ತು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬರುತ್ತದೆ. ಆ ನೀರಿನಲ್ಲೇ ಬೆಳೆ ತೆಗೆಯುವವರು ನಮ್ಮಂಥ ಹಳ್ಳಿಯವರು.

ಈ ಹೊಳೆಯ ಮಾತು ಬಂದರೆ ನಾವು ಸರ್ಕಾರವನ್ನು ಬೈದು ಸುಮ್ಮನಾಗುತ್ತೇವೆ. ನಮ್ಮ ಧರ್ಮಗಳು ನೀರಿನ ಬಗ್ಗೆ ಏನು ಹೇಳಿವೆ ಎಂದು ಕೇಳುವುದಿಲ್ಲ. ಇವತ್ತು ಇಸ್ಲಾಂ ಹೇಳಿದ್ದನ್ನು ನೋಡೋಣ. ಈ ಹೊಳೆಗೆ ಹತ್ತಿರದ ಗೋರಿಪಾಳ್ಯ, ಪಾದರಾಯನಪುರ, ಬಾಪೂಜಿನಗರಗಳಲ್ಲಿ ಸಾವಿರಾರು ಜನ ದಿನಕ್ಕೆ ಐದು ಹೊತ್ತು ನಮಾಜು ಮಾಡುತ್ತಾರೆ. ಅದಕ್ಕೂ ಮೊದಲು ಕೈಕಾಲು, ಮುಖ ತೊಳೆಯುವ ವುಜೂ ಇರಬೇಕು.

ಒಂದು ಹದೀಸ್ ಇದೆ. ಪ್ರವಾದಿ ಮುಹಮ್ಮದರ ಸಂಗಡಿಗರೊಬ್ಬರು ವುಜೂ ಮಾಡುವಾಗ ನೀರು ಜಾಸ್ತಿ ಬಳಸುತ್ತಿದ್ದರಂತೆ. ಪ್ರವಾದಿ ತಡೆದರು. ವುಜೂಗೂ ದುಂದು ಅನ್ನುವುದುಂಟೇ ಎಂದು ಅವರು ಕೇಳಿದರು. ಹರಿಯುವ ಹೊಳೆಯ ಬಳಿ ಇದ್ದರೂ ಉಂಟು ಎಂಬ ಉತ್ತರ ಬಂತು. ಪ್ರವಾದಿಯವರ ವುಜೂಗೆ ಒಂದು 'ಮುದ್ದ್' ನೀರು ಸಾಕಾಗುತ್ತಿತ್ತು. ಅಂದರೆ ಎರಡೂ ಕೈ ಸೇರಿಸಿದ ಒಂದು ಬೊಗಸೆ, ಹೆಚ್ಚೆಂದರೆ ಮುಕ್ಕಾಲು ಲೀಟರ್. ನಲ್ಲಿ ಪೂರ್ತಿ ತಿರುಗಿಸಿ, ಕೆಳಗೆ ಬಕೆಟ್ ಇಟ್ಟು ವುಜೂ ಮಾಡಿ ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಪ್ರಾಣಿಗಳ ವಿಷಯದಲ್ಲೂ ಹಾಗೆಯೇ. ಬಾಯಾರಿದ ನಾಯಿಗೆ ಬಾವಿಯಿಂದ ನೀರು ತಂದು ಕುಡಿಸಿದವನ ಪಾಪ ಕ್ಷಮಿಸಲಾಯಿತು. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಸಾಯಿಸಿದವಳಿಗೆ ಶಿಕ್ಷೆಯಾಯಿತು. ನೆಟ್ಟ ಗಿಡದ ಫಲ ಹಕ್ಕಿ ತಿಂದರೂ ನೆಟ್ಟವನಿಗೆ ದಾನದ ಪುಣ್ಯ. ಇವೆಲ್ಲ ಹದೀಸ್‌ನಲ್ಲಿವೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ಅದೇ ತಿಂಗಳು ರಂಜಾನ್ ಶುರುವಾಯಿತು. ದಂಡದ ಭಯದಿಂದ ನಾವು ಕಲಿತದ್ದನ್ನು ಈ ಧರ್ಮ 1,400 ವರ್ಷಗಳ ಹಿಂದೆಯೇ ಹೇಳಿತ್ತು.

ಹೊಳೆ ಕೆಟ್ಟದ್ದು ವುಜೂ ನೀರಿನಿಂದಲೇ ಎಂದು ನಾವು ಹೇಳುತ್ತಿಲ್ಲ. ಅದರಲ್ಲಿ ಸೋಪು ಕೂಡ ಇರುವುದಿಲ್ಲ. ಅದಕ್ಕಾಗಿಯೇ ಆ ನೀರು ಚರಂಡಿಗೆ ಹೋಗಬಾರದು. ಬೇರೆ ಪೈಪು ಹಾಕಿದರೆ ಮಸೀದಿ ಅಂಗಳದ ಗಿಡಗಳಿಗೆ, ಇಂಗುಗುಂಡಿಗೆ ಆಗುತ್ತದೆ. ಸಣ್ಣಗೆ ನೀರು ಬಿಡುವ ನಲ್ಲಿ ಹಾಕಿಸಬಹುದು. ಶುಕ್ರವಾರದ ಖುತ್ಬಾದಲ್ಲಿ ಇಮಾಮರು ವರ್ಷಕ್ಕೆ ಒಂದೆರಡು ಸಲವಾದರೂ ಈ ಮಾತು ಎತ್ತಬಹುದು.

ಇದು ಮಸೀದಿಗೆ ಮಾತ್ರ ಹೇಳುವ ಮಾತಲ್ಲ. ನಮ್ಮೂರ ಗುಡಿಯ ಕಲ್ಯಾಣಿಗೆ ಪ್ಲಾಸ್ಟಿಕ್ ಎಸೆಯುವವರೂ ನಾವೇ, ಹಬ್ಬದಲ್ಲಿ ಕೆರೆಗೆ ಬಣ್ಣದ ಗಣಪನನ್ನು ಬಿಡುವವರೂ ನಾವೇ. ಅವರವರ ಧರ್ಮ ಹೇಳಿದ್ದನ್ನು ಅವರವರು ಪಾಲಿಸಿದರೆ, ಬೈರಮಂಗಲದ ರೈತನಿಗೆ ಅಷ್ಟರಮಟ್ಟಿಗಾದರೂ ಒಳ್ಳೆಯ ನೀರು ಸಿಕ್ಕೀತು.