ಆಡುಸೋಗೆಯೂ ಕಫಪರೀಕ್ಷೆಯೂ

ಆಡು ಮುಟ್ಟದ ಸೊಪ್ಪಿಲ್ಲವೆಂದು ಗಾದೆ ಕಟ್ಟಿದವರು ಆಡುಸೋಗೆಯನ್ನು ಮರೆತಿದ್ದರೆಂದು ತೋರುತ್ತದೆ. ಅದರ ಕಹಿಗೆ ಆಡು ಕೂಡ ಬಾಯಿ ಹಾಕುವುದಿಲ್ಲ. ಆದುದರಿಂದಲೇ ಅದು ಹೊಲದ ಬೇಲಿಗೂ ಒದಗಿತು, ಮನೆಯ ಕೆಮ್ಮಿಗೂ ಒದಗಿತು. ನಮ್ಮ ಪುರ್ತಗೇರಿಯ ಕಡೆ ಜೋಳದ ರಾಶಿಯ ಧೂಳೂ ಒಲೆಯ ಹೊಗೆಯೂ ಕೂಡಿದವೆಂದರೆ ಕೆಮ್ಮದ ಮನೆ ಸಿಕ್ಕುವುದು ಕಷ್ಟ. ಆಗ ಆಡುಸೋಗೆ, ಶುಂಠಿ, ಮೆಣಸು, ಬೆಲ್ಲ ಹಾಕಿ ಕುದಿಸಿದ ಕಷಾಯವೇ ಮೊದಲ ವೈದ್ಯ.

ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಲ್ಲಿ ಕೆಲವರಿಗೆ ಈ ಗಾವಠಿ ಔಷಧವೆಂದರೆ ನಗೆ. ಮತ್ತೆ ಕೆಲವರಿಗೆ ಅದೇ ಸಂಜೀವಿನಿ. ಎರಡು ಪಕ್ಷದವರೂ ಪರೀಕ್ಷೆಯ ಗೋಜಿಗೆ ಹೋಗುವುದಿಲ್ಲವೆಂಬುದೇ ನನ್ನ ಆಕ್ಷೇಪ.

ನಗುವವರು ಇಷ್ಟನ್ನು ತಿಳಿಯಬೇಕು. ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ಕ್ಷಾರವಸ್ತುವನ್ನು ಆಧಾರವಾಗಿಟ್ಟುಕೊಂಡೇ ರಸಾಯನಶಾಸ್ತ್ರಜ್ಞರು ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧವನ್ನು ಸಿದ್ಧಪಡಿಸಿದರು. ಇಂದು ವೈದ್ಯರು ಬರೆದುಕೊಡುವ ಆಂಬ್ರಾಕ್ಸಾಲ್ ಅದರದೇ ಕೂಸು. ಅಂದರೆ ಅಂಗಡಿಯ ಶೀಶೆಯೊಳಗೆ ಕುಳಿತಿರುವವನು ನಮ್ಮ ಬೇಲಿಯ ಗಿಡದ ಮೊಮ್ಮಗ! ಶೀಶೆಯಲ್ಲಿದ್ದುದೆಲ್ಲ ನಿರಪಾಯವೆಂದೂ ನಂಬಬೇಕಾಗಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ಪು ಕುಡಿದು ಎಳೆಯ ಮಕ್ಕಳು ಸತ್ತುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಇನ್ನು ಸಂಜೀವಿನಿಯ ಪಕ್ಷ. ಇವರು ಚೀನದೇಶದ ಕಡೆ ಒಮ್ಮೆ ನೋಡಲಿ. ಅಲ್ಲಿ ಮಾ ಹ್ವಾಂಗ್ ಎಂಬ ಗಿಡವನ್ನು ಕೆಮ್ಮು ಉಬ್ಬಸಗಳಿಗೆ ಸಾವಿರಾರು ವರ್ಷಗಳಿಂದ ಕುದಿಸಿ ಕುಡಿಯುತ್ತ ಬಂದಿದ್ದಾರೆ. 1885ರಲ್ಲಿ ಜಪಾನಿನ ನಾಗಾಯಿ ಎಂಬ ವಿದ್ವಾಂಸನು ಅದರಿಂದ ಎಫೆಡ್ರಿನ್ ಬೇರ್ಪಡಿಸಿದನು. 1920ರ ದಶಕದಲ್ಲಿ ಪೀಕಿಂಗಿನಲ್ಲಿ ಚೆನ್ ಮತ್ತು ಶ್ಮಿಟ್ ಎಂಬಿಬ್ಬರು ಅದರ ಗುಣವನ್ನು ಒರೆಗೆ ಹಚ್ಚಿ ತೋರಿಸಿದ ಮೇಲೆ ಅದು ಉಬ್ಬಸದ ಮದ್ದಾಗಿ ಜಗತ್ತಿಗೆಲ್ಲ ಹಬ್ಬಿತು. ಅದೇ ಗಿಡವನ್ನು ಮೈ ಇಳಿಸುವ ಪುಡಿ ಗುಳಿಗೆಗಳಲ್ಲಿ ಸೇರಿಸಿ ಮಾರಿದಾಗ ಹೃದಯಾಘಾತಗಳಾಗಿ, 2004ರಲ್ಲಿ ಅಮೆರಿಕೆಯು ಅವುಗಳನ್ನು ನಿಷೇಧಿಸಿತು. ಗಿಡವೆಂದ ಮಾತ್ರಕ್ಕೆ ಸಾಧುವಲ್ಲ. ನಮ್ಮ ಆಡುಸೋಗೆಯೂ ಹಾಗೆಯೇ. ಗರ್ಭಕೋಶವನ್ನು ಕೆರಳಿಸುವ ಗುಣ ಅದಕ್ಕಿರುವುದರಿಂದ ಬಸುರಿಯರಿಗೆ ಕೊಡಲಾಗದು. ಇದನ್ನು ನಮ್ಮ ಓಣಿಯಲ್ಲಿ ಎಷ್ಟು ಜನ ಬಲ್ಲರು?

ಇದಕ್ಕಿಂತ ದೊಡ್ಡ ಅಪಾಯವಿರುವುದು ಎಲೆಯಲ್ಲಲ್ಲ, ಕಾಯುವುದರಲ್ಲಿ. ನಮ್ಮ ಓಣಿಯ ಹಿರಿಯರೊಬ್ಬರು ನಾಲ್ಕು ತಿಂಗಳು ಕೆಮ್ಮುತ್ತಲೇ ಇದ್ದರು. ಕಷಾಯ ಕುಡಿದಾಗ ಎದೆ ಒಂದಿಷ್ಟು ಹಗುರಾಗುತ್ತಿತ್ತು. ಆ ಹಗುರವೇ ಅವರನ್ನು ಮೋಸಗೊಳಿಸಿತು. "ಬಿತ್ತೂದೊಂದು ಮುಗೀಲಿ ತಮ್ಮಾ, ಆಮ್ಯಾಲ ದವಾಖಾನಿಗೆ ಹೋಗೂಣು" ಎನ್ನುತ್ತಿದ್ದರು. ಕೊನೆಗೆ ಕಫ ಪರೀಕ್ಷೆಯಾದಾಗ ಕ್ಷಯ. ಅಷ್ಟರಲ್ಲಿ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಮೊಮ್ಮಗಳಿಗೂ ಅಂಟಿತ್ತು. ಇಬ್ಬರೂ ಆರು ತಿಂಗಳು ಗುಳಿಗೆ ನುಂಗಿ ಗುಣವಾದರೆನ್ನಿ. ಆದರೆ ಆ ಹುಡುಗಿಯ ಶಾಲೆಯ ಒಂದು ವರ್ಷ ಹೋಯಿತು.

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕೆಂಬುದು ಸರಕಾರದ ನಿಯಮ. ಪರೀಕ್ಷೆಗೂ ಗುಳಿಗೆಗೂ ಕಾಸು ಕೊಡಬೇಕಾಗಿಲ್ಲ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿದ್ದು 1959ರಲ್ಲಿ. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1962ರಲ್ಲಿ. ಇಷ್ಟು ವರ್ಷಗಳಾದರೂ ಈ ಮಾತು ನಮ್ಮ ಅವ್ವಂದಿರ ಒಲೆಯ ಮುಂದೆ ಬಂದು ಕುಳಿತಿಲ್ಲ. ಅದನ್ನು ತಂದು ಕೂಡಿಸಬಲ್ಲವರು ನಾವೇ. ಏಕೆಂದರೆ ಅವರು ಡಾಕ್ಟರರೆದುರು ಬಾಯಿ ಬಿಡುವುದಿಲ್ಲ, ನಮ್ಮೊಡನೆ ಮನಬಿಚ್ಚಿ ಆಡುತ್ತಾರೆ. ಕಷಾಯ ಬಿಡಿರೆಂದು ನಾವು ಹೇಳಹೋದರೆ ಆ ಬಾಯಿಯೂ ಮುಚ್ಚೀತು.

ನಮ್ಮ ಜಿಲ್ಲೆಯ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದುದು. 2019ರಲ್ಲಿ ಅದು ವನ್ಯಜೀವಿಧಾಮವೂ ಆಯಿತು. ಗುಡ್ಡದ ಗಿಡಗಳನ್ನು ಎಣಿಸುವವರು ಇದ್ದಾರೆ, ಅಜ್ಜಿಯರ ಮಾತನ್ನು ಬರೆದುಕೊಳ್ಳುವವರು ಕಡಿಮೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ನಾವು ವರ್ಷವೂ ಹಳ್ಳಿಗೆ ಹೋಗಿ ರಸ್ತೆ ಗುಡಿಸಿ ಬರುತ್ತೇವೆ. ಮುಂದಿನ ಸಲ ಕಸಬರಿಗೆಯೊಡನೆ ಒಂದು ನೋಟುಬುಕ್ಕನ್ನೂ ಒಯ್ಯೋಣವೆಂದು ಅಧ್ಯಾಪಕರಲ್ಲಿ ನನ್ನ ವಿನಂತಿ. ಯಾವ ಎಲೆ, ಎಷ್ಟು, ಯಾರಿಗೆ ಕೊಡುತ್ತೀರಿ, ಯಾರಿಗೆ ಕೊಡುವುದಿಲ್ಲ ಎಂದು ಕೇಳಿ ಬರೆದುಕೊಳ್ಳೋಣ. ಪುಟದ ಕೊನೆಯಲ್ಲಿ ಇನ್ನೊಂದು ಕಲಮು ಇರಲಿ: ಕೆಮ್ಮು ಹತ್ತಿ ಎಷ್ಟು ದಿನವಾಯಿತು? ಹದಿನಾಲ್ಕು ದಾಟಿದ ಹೆಸರುಗಳನ್ನು ಅಂದೇ ಸಂಜೆ ಆಶಾ ಕಾರ್ಯಕರ್ತೆಯ ಕೈಗೆ ಮುಟ್ಟಿಸಿದರಾಯಿತು.